ಗರ್ಭಿಣಿಯ ಬದಲಾಗುವ ದೇಹ ಮತ್ತು ಮನಸ್ಸಿನ ಆರೋಗ್ಯ

ಬಸುರಿ ಹೆಂಗಸು ಎದುರಾದಾಗ ನಮ್ಮಲ್ಲಿ ಬಹುತೇಕರ ಮೊದಲ ಮಾತು ಆಕೆಯ ದೇಹವನ್ನು ಕುರಿತೇ ಇರುತ್ತದೆ. 'ಎಷ್ಟು ದಪ್ಪಗಾಗಿದ್ದೀಯಮ್ಮಾ', 'ಆರು ತಿಂಗಳಾದರೂ ಹೊಟ್ಟೆಯೇ ಕಾಣುವುದಿಲ್ಲವಲ್ಲ' ಎನ್ನುತ್ತೇವೆ. ಅಕ್ಕರೆಯಿಂದಲೇ ಆಡಿದ ಇಂಥ ಮಾತುಗಳು ಕೇಳಿದವಳ ಮನಸ್ಸನ್ನು ದಿನಗಟ್ಟಲೆ ಕೊರೆಯಬಹುದೆಂಬುದನ್ನು ನಾವು ಯೋಚಿಸುವುದೇ ಇಲ್ಲ.

ದೇಹದ ಬದಲಾವಣೆ

ಸಾಧಾರಣ ಮೈಕಟ್ಟಿನ ಮಹಿಳೆಯ ತೂಕ ಗರ್ಭಾವಸ್ಥೆಯಲ್ಲಿ ಸುಮಾರು 10ರಿಂದ 12 ಕಿಲೋ ಹೆಚ್ಚುತ್ತದೆ. ಅದೆಲ್ಲವೂ ಕೊಬ್ಬಲ್ಲ. ಅದರಲ್ಲಿ ಮಗುವಿನ ತೂಕವೇ ಸುಮಾರು 3 ಕಿಲೋ. ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ ಇವುಗಳ ಪಾಲೂ ಇದೆ. ಉಳಿದ ಕೊಬ್ಬು ಮುಂದೆ ಎದೆಹಾಲಿಗೆ ಒದಗುವ ಸಂಗ್ರಹ. ಮುಖದ ಮೇಲೆ ಬಂಗು, ಹೊಕ್ಕುಳಿನ ಕೆಳಗೆ ಕಪ್ಪು ಗೆರೆ ಮೂಡುವುದು ಹಾರ್ಮೋನುಗಳ ಪರಿಣಾಮ. ಹೆರಿಗೆಯ ನಂತರ ಇವು ಸಾಮಾನ್ಯವಾಗಿ ತಿಳಿಯಾಗುತ್ತವೆ. ಚರ್ಮ ಹಿಗ್ಗಿ ಮೂಡಿದ ಗೆರೆಗಳು ಮಾತ್ರ ಮಾಸಿದರೂ ಪೂರ್ಣ ಅಳಿಯುವುದಿಲ್ಲ. ತೂಕಕ್ಕೆ ಹೆದರಿ ಊಟ ಬಿಡುವುದು ತಾಯಿ, ಮಗು ಇಬ್ಬರಿಗೂ ಹಾನಿಕರ.

ಬೇಸರವೇ, ಖಿನ್ನತೆಯೇ?

ಕನ್ನಡಿಯ ಮುಂದೆ ನಿಂತಾಗ ತನ್ನ ದೇಹವೇ ಅಪರಿಚಿತವೆನಿಸುವುದು, ಕಾರಣವಿಲ್ಲದೆ ಕಣ್ಣು ತುಂಬುವುದು ಅಸಹಜವಲ್ಲ. ಆದರೆ ಎರಡು ವಾರ ಕಳೆದರೂ ಬೇಸರ ತಗ್ಗದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ರೆ ಆಹಾರಗಳು ಕೆಟ್ಟರೆ ಅದು ಖಿನ್ನತೆಯಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಶೇ. 15.6ರಷ್ಟು ಗರ್ಭಿಣಿಯರು ಮಾನಸಿಕ ಅಸ್ವಾಸ್ಥ್ಯದಿಂದ, ಮುಖ್ಯವಾಗಿ ಖಿನ್ನತೆಯಿಂದ, ಬಳಲುತ್ತಾರೆ. 1987ರಲ್ಲಿ ಪ್ರಕಟವಾದ 'ಎಡಿನ್‌ಬರೋ ಮಾಪನ' ಹತ್ತೇ ಪ್ರಶ್ನೆಗಳಿಂದ ಇದರ ಸುಳಿವು ನೀಡುತ್ತದೆ. ಬಾಣಂತಿಯರಿಗಾಗಿ ರೂಪುಗೊಂಡ ಇದನ್ನು ಈಗ ಗರ್ಭಿಣಿಯರಿಗೂ ಬಳಸುತ್ತಾರೆ. ಆಪ್ತಸಮಾಲೋಚನೆಯಿಂದಲೂ ಅಗತ್ಯವಿದ್ದಲ್ಲಿ ಔಷಧಿಯಿಂದಲೂ ಗುಣ ಕಾಣಬಹುದು. ಮೊದಲಿನಿಂದ ಮಾತ್ರೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ತವರಿನಿಂದ ದೂರದಲ್ಲಿ

ಊರಿನಲ್ಲಾದರೆ ಮನದ ಅಳಲನ್ನು ಹೇಳಿಕೊಳ್ಳಲು ತಾಯಿ, ಅಕ್ಕ, ಅತ್ತಿಗೆ ಇರುತ್ತಾರೆ. ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಗಂಡ ಕೆಲಸಕ್ಕೆ ಹೊರಟ ಮೇಲೆ ಉಳಿಯುವುದು ದೂರವಾಣಿಯೊಂದೇ. ಅಂಥವರಿಗಾಗಿ ಈ ಮಾಹಿತಿ: 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416 ಉಚಿತವಾಗಿದ್ದು, ಹಗಲಿರುಳೂ ಲಭ್ಯ. ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವೇ ಇದೆ. ಬದುಕೇ ಬೇಡವೆನಿಸಿದರಂತೂ ತಡಮಾಡದೆ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಬೇಕು.

ಉದ್ಯೋಗಸ್ಥೆಯರು ನೆನಪಿಡಬೇಕಾದ ಅಂಶವೊಂದಿದೆ. 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆಯಿದ್ದು, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುನ್ನವೇ ಪಡೆಯಬಹುದು.

ಬಸುರಿಯ ಬಯಕೆಯನ್ನು ಕೇಳಿ ತೀರಿಸುವ ಸಂಪ್ರದಾಯ ನಮ್ಮದು. ಮುಂದಿನ ಸೀಮಂತಕ್ಕೆ ಹೋದಾಗ ಆಕೆಯ ಹೊಟ್ಟೆಯ ಗಾತ್ರವನ್ನು ಅಳೆಯುವ ಬದಲು, ಪಕ್ಕದಲ್ಲಿ ಕುಳಿತು 'ಮನಸ್ಸಿಗೆ ಹೇಗಿದೆಯಮ್ಮಾ?' ಎಂದು ಕೇಳೋಣ. ಉತ್ತರವನ್ನು ಪೂರ್ತಿ ಆಲಿಸೋಣ.