ಅಂತರಗಂಗೆಯ ಬೇರು

ರೋಗಗಳ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಕೇರಳದ ಚೇರ್ತಲದತ್ತ ಹರಿಯುತ್ತದೆ. ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದಕ್ಕೆ ವೇಂಬನಾಡು ಹಿನ್ನೀರು. ನಡುವೆ ತೆಂಗಿನ ತೋಟಗಳು, ಕೊಳಗಳು. ಈ ಚೆಲುವಾದ ಮರಳುನಾಡನ್ನು ಆನೆಕಾಲು ರೋಗ ಬಹುಕಾಲ ಕಾಡಿತು.

ಹಿಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಎಂ. ಓ. ಟಿ. ಅಯ್ಯಂಗಾರರು ಈ ರೋಗವನ್ನು ಕುರಿತು ನಡೆಸಿದ ಅಧ್ಯಯನ 1938ರಲ್ಲಿ ಪ್ರಕಟವಾಯಿತು. ಅಲ್ಲಿ ರೋಗವನ್ನು ಹರಡುವುದು ಮ್ಯಾನ್ಸೋನಿಯಾ ಜಾತಿಯ ಸೊಳ್ಳೆ. ಅದರ ಮರಿಹುಳು ಉಸಿರಿಗಾಗಿ ನೀರಿನ ಮೇಲಕ್ಕೆ ಬಾರದು. ಅಂತರಗಂಗೆಯ ಬೇರನ್ನು ಚುಚ್ಚಿ ಅದರೊಳಗಿನ ಗಾಳಿಯನ್ನೇ ಹೀರುತ್ತದೆ. ಆದುದರಿಂದ ನೀರಿನ ಮೇಲೆ ಎಣ್ಣೆ ಚೆಲ್ಲಿ ಉಸಿರು ಕಟ್ಟಿಸುವ ಉಪಾಯ ಇಲ್ಲಿ ಫಲಿಸದು. ಗಿಡವನ್ನೇ ಕೀಳಬೇಕು.

ಆದರೆ ಆ ಗಿಡವೇ ತೆಂಗಿಗೆ ಗೊಬ್ಬರ! ಬಡ ಕೃಷಿಕ ಅದನ್ನು ಬಿಡುವುದೆಂತು? 1986ರಲ್ಲಿ ಪಾಂಡಿಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು ಅಲ್ಲಿ ಕೈಗೊಂಡ ಯೋಜನೆ ಇದಕ್ಕೆ ಉತ್ತರ ಹುಡುಕಿತು. ಕಳೆ ತೆಗೆದ ಕೊಳಗಳಲ್ಲಿ ಮೀನು ಸಾಕುವಂತೆ ಜನರನ್ನು ಹುರಿದುಂಬಿಸಲಾಯಿತು. ಕೊಳವನ್ನು ಶುಚಿಯಾಗಿಡುವುದರಲ್ಲಿಯೇ ಅವರಿಗೆ ಆದಾಯವಿತ್ತು.

ಬಹುಕಾಲ ಊದಿ ದಪ್ಪನಾದ ಕಾಲು ಮೊದಲಿನಂತಾಗುವುದು ದುಸ್ತರ. ತಡೆಯುವುದೇ ನಿಜವಾದ ಮದ್ದು. ಆ ಮದ್ದು ಜನರ ಅನ್ನದ ದಾರಿಯನ್ನು ಮುಚ್ಚಬಾರದೆಂಬುದೇ ಚೇರ್ತಲದ ಕೊಳಗಳು ನನಗೆ ಹೇಳಿಕೊಟ್ಟ ಪಾಠ.