ಭಾರತದಲ್ಲಿ ರೋಮನ್ ಆಂಫೊರಾಗಳು

ಪ್ರಾಚೀನ ಮೆಡಿಟರೇನಿಯನ್ ನಾಡುಗಳಲ್ಲಿ ದ್ರಾಕ್ಷಿಮದ್ಯ, ಆಲಿವ್ ಎಣ್ಣೆ, ಮೀನಿನ ರಸಗಳನ್ನು ಹಡಗಿನಲ್ಲಿ ಸಾಗಿಸಲು ಬಳಸುತ್ತಿದ್ದ, ಎರಡು ಹಿಡಿಗಳ, ಕಿರುಗೊರಳಿನ ಮಣ್ಣಿನ ಜಾಡಿಗೆ ಆಂಫೊರಾ ಎಂದು ಹೆಸರು. ಕೆಂಪು ಸಮುದ್ರದ ಬೆರೆನಿಕೆ, ಮ್ಯೋಸ್ ಹೊರ್ಮೋಸ್ ಬಂದರುಗಳಿಂದ ಮುಂಗಾರು ಗಾಳಿ ಹಿಡಿದ ಹಡಗುಗಳು ಇವನ್ನು ಭಾರತಕ್ಕೆ ತಂದವು. 1ನೆಯ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್', ಬರಿಗಾಜಾಕ್ಕೆ (ಇಂದಿನ ಭರೂಚ್) ಬರುವ ಮದ್ಯದಲ್ಲಿ ಇಟಲಿಯದಕ್ಕೆ ಅಗ್ರಸ್ಥಾನ ಕೊಟ್ಟು, ಲಾವೊಡಿಕೆಯ ಮತ್ತು ಅರೇಬಿಯದ ಮದ್ಯಗಳನ್ನೂ ಹೆಸರಿಸುತ್ತದೆ.

1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಆಂಫೊರಾ ಚೂರುಗಳು ದೊರೆತವು. ಅಲ್ಲಿ ನಿರ್ಧರಿಸಿದ ಕಾಲಗಣನೆಯನ್ನೇ ಆಧರಿಸಿ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳ ಪದರಗಳ ಕಾಲ ಗೊತ್ತುಮಾಡಿದರು. 1989–92ರಲ್ಲಿ ವಿಮಲಾ ಬೇಗ್ಲಿ ಅರಿಕಮೇಡುವನ್ನು ಮತ್ತೆ ಅಗೆದರು. ಅಲ್ಲಿನ ಆಂಫೊರಾಗಳನ್ನು ಪರಿಶೀಲಿಸಿದ ಎಲಿಜಬೆತ್ ಲೈಡಿಂಗ್ ವಿಲ್, ಗ್ರೀಸಿನ ಕೋಸ್ ದ್ವೀಪದ ಮಾದರಿಯ ಮದ್ಯದ ಜಾಡಿಗಳೇ ಹೆಚ್ಚೆಂದು ಗುರುತಿಸಿದರು.

ಆದರೆ ಆಕಾರವೊಂದೇ ಮೂಲವನ್ನು ಹೇಳದು. ಕೋಸ್ ಜಾಡಿಯ ಜೋಡಿಕೋಲಿನಂಥ ಹಿಡಿಯನ್ನು ಇಟಲಿಯ ಕುಂಬಾರರೂ ಅನುಕರಿಸಿದ್ದರು. ವಿದ್ವಾಂಸರು 'ಡ್ರೆಸೆಲ್ 2–4' ಎಂದು ಕರೆಯುವ ಬಗೆ ಹುಟ್ಟಿದ್ದು ಹಾಗೆ. ಮೂಲ ತಿಳಿಯಲು ಮಣ್ಣನ್ನೇ ನೋಡಬೇಕು. ನೇಪಲ್ಸ್ ಕೊಲ್ಲಿಯ ಸುತ್ತ, ಕಾಂಪಾನಿಯದಲ್ಲಿ ಸುಟ್ಟ ಜಾಡಿಗಳಲ್ಲಿ ವೆಸೂವಿಯಸ್ ಸೀಮೆಯ ಕಪ್ಪು ಜ್ವಾಲಾಮುಖಿ ಮರಳು ಎದ್ದು ಕಾಣುತ್ತದೆ. ಕರಾವಳಿಯಿಂದ ದೂರದ, ಮಹಾರಾಷ್ಟ್ರದ ನೇವಾಸಾದಲ್ಲೂ ಡ್ರೆಸೆಲ್ 2–4 ಚೂರುಗಳು ಸಿಕ್ಕಿವೆ.

ಇದಕ್ಕಿಂತ ದೊಡ್ಡ ಗೊಂದಲ ಬಗೆಹರಿದದ್ದು ಈ ಶತಮಾನದಲ್ಲಿ. ಭಾರತದ ಸಂಗ್ರಹಗಳಲ್ಲಿದ್ದ ಚೂರುಗಳನ್ನು ರಾಬರ್ಟಾ ಟೋಂಬರ್ ಮರುಪರಿಶೀಲಿಸಿದಾಗ, 'ರೋಮನ್ ಆಂಫೊರಾ' ಎಂದು ದಾಖಲಾಗಿದ್ದ ಹಲವು ಚೂರುಗಳು ಮೆಸೊಪೊಟೇಮಿಯ ಕಡೆಯ 'ಟಾರ್ಪೆಡೊ ಜಾಡಿ'ಗಳವೆಂದು ತಿಳಿಯಿತು. ಇವುಗಳಿಗೆ ಹಿಡಿಯಿಲ್ಲ, ಕೊರಳಿಲ್ಲ. ಒಳಮೈಗೆ ನೈಸರ್ಗಿಕ ಡಾಂಬರಿನ ಲೇಪವಿದೆ. ಇವುಗಳ ಬಳಕೆ ಸಾಸಾನಿ ಮತ್ತು ಆರಂಭಿಕ ಇಸ್ಲಾಮೀ ಕಾಲದವರೆಗೂ ಸಾಗಿತು. 2007ರಲ್ಲಿ ಪ್ರಕಟವಾದ ಈ ಶೋಧದಿಂದ, ರೋಮಿನ ಲೆಕ್ಕಕ್ಕೆ ಸೇರಿಹೋಗಿದ್ದ ಪರ್ಷಿಯನ್ ಕೊಲ್ಲಿಯ ವ್ಯಾಪಾರ ತನ್ನ ನಿಜವಾದ ಅಳತೆಯಲ್ಲಿ ಕಾಣತೊಡಗಿತು.

ಅದೇ 2007ರಲ್ಲಿ ಕೇರಳದ ಪಟ್ಟಣಂನಲ್ಲಿ ಕೇರಳ ಇತಿಹಾಸ ಸಂಶೋಧನಾ ಮಂಡಳಿಯ ಉತ್ಖನನ ಆರಂಭವಾಯಿತು. ಪ್ರಾಚೀನ ಬಂದರು ಮುಜಿರಿಸ್ ಇದೇ ಇರಬೇಕೆಂದು ಹಲವರು ನಂಬುವ ಈ ನೆಲೆಯಲ್ಲಿ ಸಾವಿರಾರು ಆಂಫೊರಾ ಚೂರುಗಳು ದೊರೆತಿವೆ; ಟಾರ್ಪೆಡೊ ಜಾಡಿಗಳೂ ಇವೆ. ಹೀಗಾಗಿ ಹಳೆಯ ವರದಿಗಳನ್ನು ನೆಚ್ಚಿ ಬರೆದ ಹಂಚಿಕೆಯ ನಕ್ಷೆಗಳಲ್ಲಿ, ಮರುಪರಿಶೀಲಿಸದ ಚೂರುಗಳನ್ನು ಹಾಗೆಯೇ ರೋಮಿನವೆಂದು ಎಣಿಸುವಂತಿಲ್ಲ.