ಹಡಗಿನ ಆರೋಗ್ಯಪತ್ರವೂ ಲೋಂಡಾದ ರೈಲುದಾರಿಯೂ

ಬೆಳಗಾವಿಗಾಗಲಿ ಖಾನಾಪುರಕ್ಕಾಗಲಿ ಕಡಲ ತೀರವಿಲ್ಲ. ಆದುದರಿಂದ ಬಂದರುಗಳಲ್ಲಿ ಹಡಗುಗಳ ಆರೋಗ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಗೂ ಈ ಪ್ರದೇಶದ ಇತಿಹಾಸಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ೧೮೭೮ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಮಾಡಿಕೊಂಡ ಒಪ್ಪಂದದಲ್ಲಿ ಇದಕ್ಕೆ ಉತ್ತರವಿದೆ. ಅದರ ಫಲವಾಗಿ ಮಾರ್ಮಗೋವಾ ಬಂದರಿನಿಂದ ಘಟ್ಟವನ್ನೇರಿ ಕ್ಯಾಸಲ್‌ರಾಕಿನವರೆಗೆ ರೈಲುದಾರಿ ನಿರ್ಮಾಣವಾಯಿತು. ೧೮೮೮ರ ಹೊತ್ತಿಗೆ ಅದು ದಕ್ಷಿಣ ಮರಾಠಾ ರೈಲ್ವೆಯೊಡನೆ ಕೂಡಿಕೊಂಡು, ಖಾನಾಪುರ ತಾಲೂಕಿನ ಲೋಂಡಾ ಒಂದು ಕೂಡುನಿಲ್ದಾಣವಾಯಿತು. ಅಲ್ಲಿಂದ ಒಂದು ಕವಲು ಖಾನಾಪುರ, ಬೆಳಗಾವಿಗಳ ಮೇಲೆ ಪುಣೆಯ ಕಡೆಗೂ, ಇನ್ನೊಂದು ಧಾರವಾಡ, ಹುಬ್ಬಳ್ಳಿಗಳ ಕಡೆಗೂ ಸಾಗುತ್ತಿತ್ತು. ಕಾಡಿನ ನಡುವಣ ಹಳ್ಳಿಯೊಂದು ಹೀಗೆ ಬಂದರಿನ ಹಿತ್ತಲಾಯಿತು.

ಈ ಸಂಬಂಧದ ಬೆಲೆ ಎಷ್ಟೆಂಬುದು ಹತ್ತು ವರ್ಷಗಳೊಳಗೆ ಗೊತ್ತಾಯಿತು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಇರುವುದನ್ನು ಡಾಕ್ಟರ್ ಅಕಾಸಿಯೊ ವಿಯೇಗಸ್ ಕಂಡುಹಿಡಿದರು. (ಅವರು ಗೋವೆಯವರೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.) ಯುರೋಪಿನ ರಾಷ್ಟ್ರಗಳು ಬೆದರಿದವು, ಭಾರತದ ಹಡಗುಗಳಿಗೂ ಸರಕಿಗೂ ಬಾಗಿಲು ಮುಚ್ಚುವ ಮಾತು ಹೊರಟಿತು. ೧೮೯೭ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನವು ಪ್ಲೇಗನ್ನೇ ವಿಷಯವಾಗಿಟ್ಟುಕೊಂಡು, ಹಡಗುಗಳನ್ನು ಸೋಂಕಿನವು, ಸಂಶಯದವು, ನಿರೋಗಿಗಳು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಅದೇ ವರ್ಷದ ಫೆಬ್ರುವರಿ ೪ರಂದು ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಬಂದರಿಗೆ ಬರುವ, ಬಂದರನ್ನು ಬಿಡುವ ಹಡಗುಗಳ ತಪಾಸಣೆಯೂ ರೈಲು ಪ್ರಯಾಣಿಕರ ತಪಾಸಣೆಯೂ ಆ ಒಂದೇ ಚಿಕ್ಕ ಕಾಯಿದೆಯ ವ್ಯಾಪ್ತಿಯಲ್ಲಿದ್ದವು. ನಮ್ಮ ದೃಷ್ಟಿಗೆ ಇದು ಬಹಳ ಮಹತ್ವದ ಸಂಗತಿ. ಬಂದರಿನ ವಿಧಿಯೇ ಹಳಿಗಳ ಗುಂಟ ಒಳನಾಡಿಗೆ ನಡೆದು ಬಂದಿತು.

ಆದರೆ ತಪಾಸಣೆಗಾರರು ನೋಡುತ್ತಿದ್ದುದೇನನ್ನು? ಪ್ರಯಾಣಿಕರನ್ನು ಗಾಡಿಯಿಂದಿಳಿಸಿ ಸಾಲಾಗಿ ನಿಲ್ಲಿಸುವರು. ನಾಡಿ ಹಿಡಿದು ಜ್ವರವಿದೆಯೇ ಎಂದು ನೋಡುವರು. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿದೆಯೇ ಎಂದು ಪರೀಕ್ಷಿಸುವರು. ಹೆಂಗಸರಿಗೆ ಇದು ಎಂಥ ಅವಮಾನವಾಗಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ. ಪುಣೆಯಲ್ಲಿ ಇಂಥ ಕ್ರಮಗಳ ಕಠೋರತೆ ಜನರನ್ನು ಕೆರಳಿಸಿ, ೧೮೯೭ರ ಜೂನ್ ೨೨ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರುವವರೆಗೆ ಹೋಯಿತು. ಇಷ್ಟೆಲ್ಲ ನಡೆಯುತ್ತಿರುವಾಗ ಸರಕುಗಾಡಿಯ ಧಾನ್ಯದ ಚೀಲಗಳ ನಡುವೆ ಕುಳಿತಿದ್ದ ಇಲಿಯನ್ನು ಯಾರೂ ಇಳಿಸಿ ನೋಡಲಿಲ್ಲ. ಇಲಿಯ ಚಿಗಟವೇ ರೋಗವನ್ನು ಹರಡುವುದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಂಡ್ ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಪಂಡಿತರು ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು.

ಅಷ್ಟರಲ್ಲಿ ಪ್ಲೇಗು ಈ ಸೀಮೆಯನ್ನು ಹೊಕ್ಕಿತ್ತು. ಬೆಳಗಾವಿ ಜಿಲ್ಲೆಯ ಜನಸಂಖ್ಯೆ ೧೮೯೧ರಲ್ಲಿ ಸುಮಾರು ೧೦ ಲಕ್ಷ ೧೩ ಸಾವಿರವಿದ್ದುದು ೧೯೦೧ರಲ್ಲಿ ೯ ಲಕ್ಷ ೯೪ ಸಾವಿರಕ್ಕೆ ಇಳಿಯಿತು. ಬರಗಾಲಗಳ ಪಾಲೂ ಇದರಲ್ಲಿದೆ. ಎಲ್ಲವನ್ನೂ ಪ್ಲೇಗಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹುಬ್ಬಳ್ಳಿಯಲ್ಲಿ ೧೮೯೮ರ ಬೇಸಗೆಯಿಂದ ಮಳೆಗಾಲದ ಕೊನೆಯೊಳಗೆ ಹಾಫ್ಕಿನ್ ಲಸಿಕೆಯನ್ನು ಸುಮಾರು ೩೮ ಸಾವಿರ ಜನ ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರ ಕೊಟ್ಟು ಪ್ಲೇಗಿನ ನಿರ್ಬಂಧಗಳಿಂದ ವಿನಾಯಿತಿ ನೀಡಲಾಗುತ್ತಿತ್ತು. ಹಡಗಿಗಿದ್ದಂಥ ಆರೋಗ್ಯಪತ್ರ ಹೀಗೆ ಮನುಷ್ಯನ ಕೈಗೂ ಬಂದಿತು. ಆದರೂ ಅದೇ ವರ್ಷದ ಆಗಸ್ಟಿನಲ್ಲಿ ರೋಗವು ರೈಲುದಾರಿಯನ್ನೇ ಹಿಡಿದು ಬೆಂಗಳೂರನ್ನು ತಲುಪಿತು.

ಸರ್ಕಾರದ ಪತ್ರಗಳಿಗಿಂತ ಹಳ್ಳಿಗರ ಅನುಭವವೇ ಹೆಚ್ಚು ನಿಜವಾಗಿದ್ದಿತೆಂದು ನಮಗೆ ತೋರುತ್ತದೆ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಡಬೇಕೆಂಬುದು ಉತ್ತರ ಕರ್ನಾಟಕದ ಮನೆಮನೆಯ ಅರಿವಾಗಿದ್ದಿತು. ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಚಿಗಟದ ಮಾತು ಅವರಿಗೆ ತಿಳಿಯದು. ಆದರೆ ಇಲಿ ಸತ್ತ ಮನೆ ಆಗದೆಂಬುದು ತಿಳಿದಿತ್ತು. ಗಾಡಿಯಲ್ಲಿ ಮನುಷ್ಯನ ಮೈಯನ್ನಷ್ಟೇ ತಡವಿದವರಿಗೆ ಈ ತಿಳಿವಳಿಕೆಯ ಪ್ರಯೋಜನವಾಗಲಿಲ್ಲ.

ಹಡಗಿನ ವಿಷಯದಲ್ಲಾದರೋ ತಪ್ಪು ಕ್ರಮೇಣ ತಿದ್ದುಪಡಿಯಾಯಿತು. ೧೯೦೩ರ ಪ್ಯಾರಿಸ್ ಸಮ್ಮೇಳನವು ಇಲಿಗಳ ಪಾತ್ರವನ್ನು ಗಮನಕ್ಕೆ ತೆಗೆದುಕೊಂಡಿತು. ೧೯೨೬ರ ಒಡಂಬಡಿಕೆಯು ಇಲಿನಾಶದ ಪ್ರಮಾಣಪತ್ರವನ್ನೂ ಅದರ ವಿನಾಯಿತಿಪತ್ರವನ್ನೂ ವಿಧಿಸಿ, ಆರು ತಿಂಗಳ ಅವಧಿಯನ್ನು ಗೊತ್ತುಪಡಿಸಿತು. ಇದರಿಂದ ಪರೀಕ್ಷೆಯ ಕಣ್ಣು ಪ್ರಯಾಣಿಕನಿಂದ ಸರಿದು ಹಡಗಿನ ಒಡಲಿನತ್ತ ತಿರುಗಿತು. ಈ ಪತ್ರ ಹಡಗಿಗಾಗಿಯೇ ಹುಟ್ಟಿದುದು; ಬಂದರಿನಿಂದ ಒಳನಾಡಿಗೆ ಹೊರಡುವ ಸರಕುಗಾಡಿಗೆ ಅದು ಅನ್ವಯಿಸಲಿಲ್ಲ.

೨೦೦೫ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳು ೨೦೦೭ರ ಜೂನ್ ೧೫ರಂದು ಜಾರಿಗೆ ಬಂದ ತರುವಾಯ ಇಲಿನಾಶದ ಪತ್ರದ ಸ್ಥಾನದಲ್ಲಿ ಹಡಗಿನ ನೈರ್ಮಲ್ಯ ಪ್ರಮಾಣಪತ್ರ ಬಂದಿದೆ. ಅಡುಗೆಮನೆ, ಕುಡಿಯುವ ನೀರು, ಕೊಳಚೆ, ಸರಕಿನ ಉಗ್ರಾಣ ಎಲ್ಲವೂ ಈಗ ಪರೀಕ್ಷೆಗೆ ಒಳಪಡುತ್ತವೆ. ಅವಧಿ ಮಾತ್ರ ಹಿಂದಿನಂತೆ ಆರು ತಿಂಗಳು. ಮಾರ್ಮಗೋವೆಯಲ್ಲಿ ಬಂದರು ಆರೋಗ್ಯ ಸಂಸ್ಥೆಯಿದೆ. ಆ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಘಟ್ಟವನ್ನೇರಿ ಇಂದಿಗೂ ಲೋಂಡಾದ ಮೇಲೆಯೇ ಒಳನಾಡಿಗೆ ಹೋಗುತ್ತದೆ.